ಬಿಸಿಲಿಗೆ ಹೆದರುವ ಕಣಿವೆ

ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ನಾನಿದ್ದಷ್ಟು ದಿನವೂ ಹವೆ ಚೆನ್ನಾಗಿತ್ತು. ತೊಳೆದಿಟ್ಟಂಥ ನೀಲಿ ಆಕಾಶ, ಬೆನ್ನಿಗೆ ಹಿತವಾಗುವಷ್ಟು ಬಿಸಿಲು, ಕಣ್ಣು ಕೋರೈಸುವ ಬಿಳಿ ಬೆಟ್ಟಗಳು. ಊರಿಗೆ ಬಂದು ಫೋಟೋ ತೋರಿಸಿದರೆ ಎಲ್ಲರದೂ ಒಂದೇ ಮಾತು: ‘ಪುಣ್ಯವಂತ ಮಾರಾಯ ನೀನು, ಎಂಥಾ ಹವೆ ಸಿಕ್ಕಿದೆ!’ ನಾನೂ ಹೂಂ ಅನ್ನುತ್ತೇನೆ. ಆದರೆ ಆ ಫೋಟೋಗಳಲ್ಲಿ ಒಂದು ಸಂಗತಿ ಬಂದಿಲ್ಲ. ಬಿಸಿಲೇರಿದಂತೆ ಅಲ್ಲಿಯ ಜನ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ತಲೆಯೆತ್ತಿ ಬೆಟ್ಟದ ಮೇಲ್ಭಾಗ ನೋಡುತ್ತಿದ್ದರು. ಒಂದು ಕ್ಷಣ ಅಷ್ಟೇ. ಮತ್ತೆ ಮಾತು ಮುಂದುವರಿಯುತ್ತಿತ್ತು.

ನಾನು ಉತ್ತರ ಕನ್ನಡದ ಕರಾವಳಿಯವನು. ನಮಗೆ ಅಪಾಯವೆಂದರೆ ಕಪ್ಪು ಮೋಡ, ಬಿಡದೆ ಹೊಯ್ಯುವ ಆಷಾಢದ ಮಳೆ, ಕೆಂಪಾಗಿ ಉಕ್ಕುವ ಹೊಳೆ. ಬಿಸಿಲು ಬಿತ್ತೆಂದರೆ ಗಂಡಾಂತರ ಕಳೆಯಿತೆಂದೇ ಲೆಕ್ಕ. ಹೆಂಗಸರು ಒದ್ದೆ ಬಟ್ಟೆ ಹೊರಗೆ ಹಾಕುತ್ತಾರೆ, ಗಂಡಸರು ತೋಟಕ್ಕೆ ಹೊರಡುತ್ತಾರೆ. ಈ ಲೆಕ್ಕ ತಲೆಕೆಳಗಾದ ಜಾಗವೊಂದನ್ನು ನೋಡಿ ಬಂದ ಮೇಲೆ ನನ್ನ ಭಯಗಳೆಲ್ಲ ಒಂದಿಷ್ಟು ಜಾಗ ಬದಲಿಸಿಕೊಂಡಿವೆ.

ಮಾರ್ಚ್ ಕೊನೆಯ ದಿನಗಳು. ನಮ್ಮಲ್ಲಿ ಯುಗಾದಿಯ ಗಡಿಬಿಡಿ. ಮನಾಲಿಯಲ್ಲಿ ಪ್ಲಮ್ ಮರಗಳು ಎಲೆಗೂ ಮೊದಲೇ ಮೈತುಂಬ ಹೂ ಬಿಟ್ಟುಕೊಂಡು ನಿಂತಿದ್ದವು. ಸೇಬಿನ ಮರಗಳು ಮಾತ್ರ ಇನ್ನೂ ಬೋಳು. ಸೋಲಂಗ್ ದಾಟಿ ಧುಂಡಿಯ ಹತ್ತಿರ ಅಟಲ್ ಸುರಂಗದ ಬಾಯಿ ಹೊಕ್ಕೆವು. 9.02 ಕಿಲೋಮೀಟರ್ ಉದ್ದದ ಈ ಸುರಂಗದ ಒಳಗೆ ಹೋಗುವಾಗ ಬಿಯಾಸ್ ಕಣಿವೆ, ಹೊರಬೀಳುವಾಗ ಚಂದ್ರಾ ಕಣಿವೆ. ಆ ಕಡೆ ಹೂವೂ ಇಲ್ಲ, ಹಸಿರೂ ಇಲ್ಲ. ಬಿಳಿಯ ನಡುವೆ ಕರ್ರಗೆ ಹರಿಯುವ ನದಿ, ಅಲ್ಲಲ್ಲಿ ಬರಲು ವಿಲೋ ಮರಗಳ ಸಾಲು.

ಟ್ಯಾಕ್ಸಿ ಓಡಿಸುತ್ತಿದ್ದ ಹುಡುಗ ಲಾಹೌಲಿನವನೇ. 2020ರ ಅಕ್ಟೋಬರಿನಲ್ಲಿ ಸುರಂಗ ತೆರೆಯುವ ತನಕ ಅವನ ಊರಿಗೂ ಹೊರಜಗತ್ತಿಗೂ ನಡುವೆ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿ ಇತ್ತು. ನವೆಂಬರಿನ ಹೊತ್ತಿಗೆ ಅದು ಮುಚ್ಚಿದರೆ ತೆರೆಯುವುದು ಬೇಸಿಗೆ ಹತ್ತಿರ ಬಂದಾಗ. ಕಾಯಿಲೆ ಬಿದ್ದವರಿಗೆ ಹೆಲಿಕಾಪ್ಟರ್ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ತುರ್ತಿದ್ದವರು ಬೆಳಗಿನ ಜಾವದ ಕತ್ತಲಲ್ಲಿ ಹೊರಟು, ಸೂರ್ಯ ನೆತ್ತಿಗೇರುವ ಮೊದಲು ನಡೆದೇ ದಾಟುತ್ತಿದ್ದರಂತೆ. ‘ನಮ್ಮಜ್ಜ ಹಾಗೆ ಎಷ್ಟೋ ಸಲ ದಾಟಿದ್ದಾನೆ. ನಾನು ಈಗ ದಿನಕ್ಕೆ ಎರಡು ಸಲ ಹೋಗಿ ಬರ್ತೀನಿ’ ಎಂದ ಹುಡುಗ. ಅವನ ದನಿಯಲ್ಲಿ ಹೆಮ್ಮೆ ಇತ್ತು. ಇರಬೇಕಾದದ್ದೇ.

ಸುರಂಗದಾಚೆಯ ಸಿಸ್ಸುವಿನಲ್ಲಿ ಪ್ರವಾಸಿಗರ ಜಾತ್ರೆ. ಬಾಡಿಗೆಯ ಗಂಬೂಟು, ಕೆಂಪು ಹಳದಿ ದಪ್ಪ ಅಂಗಿಗಳು, ರಬ್ಬರ್ ಟ್ಯೂಬಿನಲ್ಲಿ ಕೂತು ಹಿಮದ ಮೇಲೆ ಜಾರುವ ಮಕ್ಕಳು, ಮ್ಯಾಗಿಯ ಹಬೆ. ಅಲ್ಲಿಂದ ಸ್ವಲ್ಪ ಮುಂದೆ ಜನಜಂಗುಳಿ ಇಲ್ಲದ ಒಂದು ತಿರುವಿನಲ್ಲಿ ಕಾರೊಂದು ನಿಂತಿತ್ತು. ರಸ್ತೆಯ ಪಕ್ಕದ ಇಳಿಜಾರಿನ ಬುಡದಲ್ಲಿ ಜಮಖಾನ ಹಾಸಿಕೊಂಡು ಒಂದು ಕುಟುಂಬ ಊಟದ ಡಬ್ಬಿ ಬಿಚ್ಚಿತ್ತು. ‘ಪುಟ್ಟಾ, ಅಲ್ಲಿ ಹೋಗಬೇಡ, ಶೂ ಒದ್ದೆಯಾಗತ್ತೆ’ ಎಂಬ ಕನ್ನಡ ಕಿವಿಗೆ ಬಿದ್ದಾಗ ನಾನು ಟ್ಯಾಕ್ಸಿ ನಿಲ್ಲಿಸು ಎಂದೆ. ಹುಡುಗ ನಿಲ್ಲಿಸಲಿಲ್ಲ. ಐವತ್ತು ಮಾರು ಮುಂದೆ ಹೋಗಿ, ಬಂಡೆಯೊಂದರ ಮರೆಯಲ್ಲಿ ನಿಲ್ಲಿಸಿ, ‘ನೀವೇ ಹೋಗಿ ಹೇಳಿ, ಅಲ್ಲಿ ಕೂರಬಾರದು ಅಂತ. ನಿಮ್ಮ ಭಾಷೆಯಲ್ಲಿ ಹೇಳಿದರೆ ಕೇಳ್ತಾರೇನೋ’ ಎಂದ.

ಹೋದೆ. ಬೆಂಗಳೂರಿನವರು. ನೋಡಿದ್ದೇ ತಡ ಕೋಡುಬಳೆ ಡಬ್ಬಿ ಮುಂದೆ ಹಿಡಿದರು. ಒಂದು ಕೈಗೆತ್ತಿಕೊಂಡು ವಿಷಯ ಹೇಳಿದೆ. ಯಜಮಾನರು ಮೇಲೆ ನೋಡಿದರು, ನನ್ನನ್ನು ನೋಡಿದರು. ‘ಇಷ್ಟು ಚೆನ್ನಾಗಿ ಬಿಸಿಲಿದೆಯಲ್ಲ ಸರ್, ಏನಾಗತ್ತೆ?’ ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ನನಗೂ ಹಾಗೇ ಅನಿಸಿತ್ತು. ಕೊನೆಗೆ ಅವರು ಇನ್ನೊಂದು ಫೋಟೋ ತೆಗೆದುಕೊಂಡು, ಸೌಜನ್ಯಕ್ಕೆಂಬಂತೆ ಎದ್ದು ಹೊರಟರು. ಆ ಇಳಿಜಾರಿನಲ್ಲಿ ಆ ದಿನ ಏನೂ ಬೀಳಲಿಲ್ಲ. ನಾನು ಕಣಿವೆ ಬಿಡುವ ತನಕವೂ ಬೀಳಲಿಲ್ಲ. ಅವರು ಊರಿಗೆ ಹೋಗಿ ನಮ್ಮ ಕತೆ ಹೇಳಿಕೊಂಡು ನಕ್ಕಿರಬಹುದು. ನಗುವ ಹಕ್ಕು ಅವರಿಗಿದೆ. ಬೀಳದೇ ಇರುವ ದಿನಗಳೇ ಹೆಚ್ಚು ಎಂಬುದೇ ಈ ಅಪಾಯದ ಗುಟ್ಟು ಎಂದು ನನಗೆ ತಿಳಿದದ್ದು ನಿಧಾನವಾಗಿ.

ನಾನು ಉಳಿದದ್ದು ಸಿಸ್ಸು ಮತ್ತು ಗೋಂಧ್ಲಾ ನಡುವಿನ ಒಂದು ಸಣ್ಣ ಹಳ್ಳಿಯಲ್ಲಿ, ಸೇನೆಯಿಂದ ನಿವೃತ್ತರಾದ ಒಬ್ಬರ ಮನೆಯಲ್ಲಿ. ಊರೆಲ್ಲ ಅವರನ್ನು ಸುಬೇದಾರ್ ಸಾಬ್ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಕರ್ನಾಟಕ ಎಂದ ಕೂಡಲೇ ಅವರ ಮುಖ ಅರಳಿತು. ‘ಬೆಲ್‌ಗಾಮ್!’ ಎಂದರು. ಹರೆಯದಲ್ಲಿ ಬೆಳಗಾವಿಯ ಕಮಾಂಡೊ ತರಬೇತಿಗೆ ಬಂದಿದ್ದರಂತೆ, ಅದೂ ಜುಲೈ ತಿಂಗಳಲ್ಲಿ. ‘ಸಾಬ್, ನಿಮ್ಮ ಆ ಮಳೆ! ಹಗಲೂ ರಾತ್ರಿ ಒಂದೇ ಸಮ. ನನಗೆ ನಿದ್ದೆಯೇ ಬರ್ತಿರಲಿಲ್ಲ. ಇಷ್ಟು ನೀರು ಸುರಿದರೆ ಬೆಟ್ಟ ಹೇಗೆ ನಿಲ್ಲುತ್ತೆ ಅಂತ ಯೋಚನೆ. ಅಲ್ಲಿನ ಹುಡುಗರು ಗೊರಕೆ ಹೊಡೀತಾ ಮಲಗಿರ್ತಿದ್ದರು.’ ಲಾಹೌಲ್ ಮಳೆ ನೆರಳಿನ ನಾಡು. ಅವರಿಗೆ ನಮ್ಮ ಮಳೆಯ ಭಯ, ನನಗೆ ಅವರ ಹಿಮದ ಭಯ. ಪರಸ್ಪರ ಭಯ ಹಂಚಿಕೊಂಡದ್ದರಿಂದ ಪರಿಚಯ ಬೇಗ ಬೆಳೆಯಿತು.

ಮನೆಯ ಜೀವನವೆಲ್ಲ ಒಂದೇ ಕೋಣೆಯಲ್ಲಿ, ನಡುವಿನ ಕಬ್ಬಿಣದ ಒಲೆಯ ಸುತ್ತ. ಅದಕ್ಕೆ ಅಲ್ಲಿ ತಂದೂರ್ ಎನ್ನುತ್ತಾರೆ. ಅದರ ಮೇಲೆ ಚಹಾ, ಅದರ ಮೇಲೇ ಸಾರು, ಅದರ ಕೊಳವೆಗೆ ಒರಗಿಸಿ ಕಾಲುಚೀಲ ಒಣಗಿಸುವುದು. ಸುಬೇದಾರರ ಹೆಂಡತಿ ಕಾಠೂ ಎಂಬ ಬಕ್‌ವೀಟ್ ಹಿಟ್ಟು ಕಲಸಿ ಹೆಂಚಿನ ಮೇಲೆ ತೆಳ್ಳಗೆ ಹರಡಿ ಚಿಲ್ಡಾ ಮಾಡಿಕೊಟ್ಟರು. ಕಂದು ಬಣ್ಣ, ಸ್ವಲ್ಪ ಒಗರು, ಜೊತೆಗೆ ಬೆಣ್ಣೆ ಮತ್ತು ಆಲೂಗಡ್ಡೆ ಪಲ್ಯ. ಆಲೂಗಡ್ಡೆ ಅವರ ಹೊಲದ್ದೇ. ಲಾಹೌಲಿನ ಬಿತ್ತನೆ ಆಲೂಗಡ್ಡೆಗೆ ದೂರದೂರದ ರಾಜ್ಯಗಳಲ್ಲಿ ಬೇಡಿಕೆ ಇದೆ ಎಂದು ಅವರು ಹೇಳಿದ್ದು ಇನ್ನೊಂದು ಚಿಲ್ಡಾ ನನ್ನ ತಟ್ಟೆಗೆ ಹಾಕುವ ನೆಪಕ್ಕೆ. ಬೆಣ್ಣೆ ಹಾಕಿದ ಉಪ್ಪು ಚಹಾ ಮೊದಲ ಗುಟುಕಿಗೆ ನಾಲಗೆಗೆ ಒಗ್ಗಲಿಲ್ಲ, ಮೂರನೆಯ ಬಟ್ಟಲಿನ ಹೊತ್ತಿಗೆ ಬಿಡಲಾಗಲಿಲ್ಲ.

ರಾತ್ರಿ ದೀಪ ಆರಿಸುವ ಮೊದಲು ಸುಬೇದಾರರು ಬಾಗಿಲು ತೆರೆದು ಹೊಸ್ತಿಲ ಮೇಲೆ ನಿಂತರು. ಏನು ನೋಡುತ್ತಿದ್ದಾರೆ ಎಂದು ನಾನೂ ಪಕ್ಕದಲ್ಲಿ ನಿಂತೆ. ನೋಡುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದರು. ತಗಡಿನ ಸೂರಿನ ಅಂಚಿನಿಂದ ಹನಿ ಬೀಳುತ್ತಿತ್ತು. ಟಪ್, ಸ್ವಲ್ಪ ಹೊತ್ತು ಬಿಟ್ಟು ಟಪ್. ನಡುವಿನ ಬಿಡುವು ಉದ್ದವಾಗುತ್ತ ಹೋಗಿ, ಕೊನೆಗೆ ನಿಂತಿತು. ‘ಹೆಪ್ಪುಗಟ್ಟಿತು. ನಾಳೆ ಬೆಳಗ್ಗೆ ಮೇಲೆ ಹೋಗಬಹುದು’ ಎಂದು ಬಾಗಿಲು ಹಾಕಿದರು.

ಆಕಾಶ ತಿಳಿಯಾಗಿದ್ದರೆ ನೆಲ ತನ್ನ ಬಿಸಿಯನ್ನೆಲ್ಲ ರಾತ್ರಿ ಮೇಲಕ್ಕೆ ಬಿಟ್ಟುಕೊಡುತ್ತದೆ. ಹಗಲು ಕರಗಿ ಸಡಿಲವಾದ ಹಿಮ ಮತ್ತೆ ಬಿಗಿಯುತ್ತದೆ, ಮೇಲ್ಪದರ ಕಲ್ಲಾಗುತ್ತದೆ. ಮೋಡ ಮುಚ್ಚಿದ ರಾತ್ರಿ ಹಾಗಲ್ಲ. ಮೋಡ ಕಂಬಳಿ ಹೊದಿಸಿದ ಹಾಗೆ ಬಿಸಿಯನ್ನು ಕೆಳಗೇ ತಡೆದಿಡುತ್ತದೆ. ಸೂರು ರಾತ್ರಿಯಿಡೀ ತೊಟ್ಟಿಕ್ಕುತ್ತದೆ, ಬೆಟ್ಟದ ಮೇಲಿನ ಹಿಮವೂ ಒಳಗೊಳಗೇ ಒದ್ದೆಯಾಗುತ್ತಲೇ ಇರುತ್ತದೆ. ಅಂಥ ರಾತ್ರಿಯ ಮರುದಿನ ಬೆಳಗಿನ ತಂಪನ್ನೂ ನಂಬುವಂತಿಲ್ಲ. ವಸಂತದ ಹಿಮಕುಸಿತದ ಬಗ್ಗೆ ವಿಜ್ಞಾನಿಗಳು ಬರೆಯುವುದೂ ಇದನ್ನೇ.

ಬೆಳಗ್ಗೆ ಆರಕ್ಕೆ ಹೊರಟೆವು. ಹಿಂದಿನ ಸಂಜೆ ಮೊಣಕಾಲುವರೆಗೆ ಹೂತುಹೋಗುತ್ತಿದ್ದ ಹಿಮದ ಮೇಲೆ ಈಗ ಬೂಟಿನ ಗುರುತೂ ಮೂಡುತ್ತಿರಲಿಲ್ಲ. ಹಳ್ಳಿಯ ಪಶ್ಚಿಮಕ್ಕೆ ಮನೆಗಳ ಸಾಲು ಇದ್ದಕ್ಕಿದ್ದಂತೆ ಮುಗಿಯುತ್ತದೆ. ಮುಂದೆ ಅಗಲವಾದ, ಸೊಗಸಾದ ಖಾಲಿ ಜಾಗ. ನದಿಯ ನೋಟ ನೇರ, ಎದುರಿಗೆ ಗೋಂಧ್ಲಾದ ಕಡಿದಾದ ಬೆಟ್ಟಗೋಡೆಗಳು. ಮನೆ ಕಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಆ ಊರಲ್ಲಿ ಇನ್ನೊಂದಿಲ್ಲ. ಆದರೂ ಇಕ್ಕಟ್ಟಿನಲ್ಲಿ ಒಂದರ ಹೆಗಲಿಗೆ ಒಂದು ತಾಗುವಂತೆ ಮನೆ ಕಟ್ಟಿಕೊಂಡ ಜನ ಈ ಕಡೆ ಒಂದು ಕೊಟ್ಟಿಗೆಯನ್ನೂ ಕಟ್ಟಿಲ್ಲ. ಅದರಾಚೆ ಮತ್ತೆ ಮನೆಗಳು.

ಸುಬೇದಾರರು ಕೋಲಿನಿಂದ ಮೇಲೆ ತೋರಿಸಿದರು. ಎರಡೂ ಬದಿಯಲ್ಲಿ ದಪ್ಪ ಕಾಂಡದ ಹಳೆಯ ಭೂರ್ಜ ಮರಗಳಿದ್ದವು. ನಡುವಿನ ಪಟ್ಟಿಯಲ್ಲಿ ಇದ್ದದ್ದೆಲ್ಲ ಎಳೆಯ ಗಿಡಗಳು, ಬಹುತೇಕ ಒಂದೇ ಎತ್ತರದವು, ಎಲ್ಲವೂ ಕಣಿವೆಯ ಕಡೆಗೆ ಬಾಗಿದವು. ಬಳುಕುವ ಕಾಂಡ ಮಾತ್ರ ಅಲ್ಲಿ ಉಳಿಯುತ್ತದೆ, ಸೆಟೆದು ನಿಂತದ್ದು ಮುರಿದುಹೋಗುತ್ತದೆ. ಆ ಗಿಡಗಳ ವಯಸ್ಸು ಎಣಿಸಿದರೆ ಕೊನೆಯ ಸಲ ಹಿಮ ಬಂದದ್ದು ಯಾವಾಗ ಎಂದು ಹೇಳಬಹುದು. ‘ಗ್ಲೇಶಿಯರ್ ಬರುವ ದಾರಿ ಇದು’ ಎಂದರು. ಹಿಮಕುಸಿತಕ್ಕೆ ಅಲ್ಲಿನವರ ಮಾತಿನಲ್ಲಿ ಗ್ಲೇಶಿಯರ್ ಎಂದೇ ರೂಢಿ.

ಹಿಮ ಎಲ್ಲ ಇಳಿಜಾರಿನಲ್ಲೂ ಜಾರುವುದಿಲ್ಲ. ಸುಮಾರು ಮೂವತ್ತರಿಂದ ನಲವತ್ತೈದು ಡಿಗ್ರಿಯವರೆಗಿನ ಇಳಿಜಾರು ಅದಕ್ಕೆ ಅಚ್ಚುಮೆಚ್ಚು. ಅದಕ್ಕಿಂತ ಕಡಿದಾದರೆ ಹಿಮ ರಾಶಿಯಾಗುವಷ್ಟು ನಿಲ್ಲುವುದಿಲ್ಲ, ಅದಕ್ಕಿಂತ ಮಟ್ಟಸವಾದರೆ ಕದಲುವುದು ಅಪರೂಪ. ಸ್ಕೀ ಆಡುವವರಿಗೆ ಇಷ್ಟವಾಗುವ ಇಳಿಜಾರೂ ಇದೇ ಎಂಬುದು ಸಂಕಟದ ಸಂಗತಿ.

ಗಟ್ಟಿ ನೆಲದ ಅಂಚಿನಲ್ಲಿ ನಿಂತು ಅವರು ಸಲಿಕೆಯಿಂದ ಹಿಮವನ್ನು ನೇರವಾಗಿ ಕಡಿದು ನೆಲದವರೆಗೆ ಇಳಿದರು. ಕಡಿದ ಗೋಡೆಯಲ್ಲಿ ಚಳಿಗಾಲದ ಇಡೀ ಚರಿತ್ರೆ ಕಾಣುತ್ತಿತ್ತು. ಮೇಲೆ ನಿನ್ನೆ ರಾತ್ರಿಯ ಗಟ್ಟಿ ಪದರ, ಅದರ ಕೆಳಗೆ ಜನವರಿ ಫೆಬ್ರವರಿಯ ದಪ್ಪ ಬಿಳಿ ಹಾಸು, ನಡುವೆ ಗಾಳಿ ತಂದ ಧೂಳಿನ ಕಂದು ಗೆರೆ. ತೀರ ಬುಡದ ಪದರದಿಂದ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದರು. ಹುರಿದ ಬನ್ಸಿ ರವೆಯಂತೆ ಬಿಡಿಬಿಡಿ ಕಾಳು. ಎಷ್ಟು ಒತ್ತಿದರೂ ಉಂಡೆ ಕಟ್ಟಲಿಲ್ಲ, ಬೆರಳ ಸಂದಿಯಿಂದ ಜರ್ರನೆ ಸುರಿದುಹೋಯಿತು. ಚಳಿಗಾಲದ ಆರಂಭದಲ್ಲಿ ಬೀಳುವ ತೆಳು ಹಿಮದ ಕೆಳಗೆ ನೆಲ ಇನ್ನೂ ಬೆಚ್ಚಗಿರುತ್ತದೆ, ಮೇಲೆ ಗಾಳಿ ಕೊರೆಯುತ್ತಿರುತ್ತದೆ. ಆ ಎರಡರ ನಡುವೆ ಸಿಕ್ಕ ಹಿಮದ ಕಣಗಳು ವಾರಗಟ್ಟಲೆ ರೂಪ ಬದಲಿಸುತ್ತ, ಒಂದಕ್ಕೊಂದು ಅಂಟಿಕೊಳ್ಳದ ಹರಳುಗಳಾಗುತ್ತವೆ. ಅವುಗಳ ಮೇಲೆ ಇಡೀ ಚಳಿಗಾಲದ ಭಾರ ಕೂತಿರುತ್ತದೆ. ಮಾರ್ಚಿನ ಬಿಸಿಲು ಮೇಲ್ಪದರ ಕರಗಿಸಿದಾಗ ನೀರು ಪದರ ಪದರ ಇಳಿದು ಈ ಬುಡಕ್ಕೆ ಬರುತ್ತದೆ. ಹಿಡಿತ ತಪ್ಪುತ್ತದೆ.

ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಬೆಳಗ್ಗೆಯೇ ಸಡಿಲವಾಗುತ್ತದೆ, ದಕ್ಷಿಣದ್ದು ನಡುಹಗಲಿಗೆ, ಪಶ್ಚಿಮದ್ದು ಇಳಿಹೊತ್ತಿಗೆ. ಸುಬೇದಾರರಿಗೆ ಪ್ರತಿ ಕೊರಕಲಿನ ವೇಳಾಪಟ್ಟಿ ಬಾಯಿಪಾಠವಾಗಿತ್ತು. ನಾನು ತಮಾಷೆಗೆ ದನಿ ತಗ್ಗಿಸಿ ಮಾತಾಡಿದಾಗ ನಕ್ಕರು. ‘ಕೂಗಿದರೆ ಹಿಮ ಬೀಳೋದು ಸಿನಿಮಾದಲ್ಲಿ. ಅದಕ್ಕೆ ಬೇಕಾದದ್ದು ಭಾರ. ಹೊಸ ಹಿಮದ್ದೋ, ನೀರಿನದ್ದೋ, ನಿಮ್ಮದೋ.’ ಒಂಬತ್ತಕ್ಕೆ ಸರಿಯಾಗಿ ಮನೆಗೆ ಮರಳಿದೆವು. ನನಗೆ ಇನ್ನೂ ಅಡ್ಡಾಡುವ ಆಸೆ. ಅವರು ಮಾತ್ರ ಬೂಟು ಬಿಚ್ಚಿ ಒಲೆಯ ಪಕ್ಕ ಇಟ್ಟಾಗಿತ್ತು.

ಅದು ಬಂದದ್ದು ಮಧ್ಯಾಹ್ನ ಎರಡರ ಸುಮಾರಿಗೆ. ನಾನು ಮಹಡಿಯಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದೆ. ಹಳ್ಳಿಯಿಂದ ಒಂದೂವರೆ ಕಿಲೋಮೀಟರ್ ದೂರದ ಇನ್ನೊಂದು ಕೊರಕಲಿನ ಮೇಲ್ತುದಿಯಲ್ಲಿ ಬಿಳಿಯ ನಡುವೆ ಒಂದು ಬೂದು ಬಿರುಕು ಬಿಟ್ಟಿತು. ಬಿರುಕು ಅಗಲವಾಯಿತು. ಆಮೇಲೆ ಇಳಿಜಾರಿನ ಒಂದು ಭಾಗವೇ ಮೆಲ್ಲಗೆ ಕೆಳಗೆ ಸರಿಯತೊಡಗಿತು. ಸದ್ದು ತಡವಾಗಿ ಬಂತು. ಗುಡುಗಿನ ಹಾಗೆ ಮೊಳಗಿ ಮುಗಿಯಲಿಲ್ಲ, ಎಳೆದುಕೊಂಡೇ ಹೋಯಿತು. ಚಿತ್ರಗಳಲ್ಲಿ ಕಾಣುವ ಬಿಳಿ ಹೊಗೆಯ ಮೋಡ ಇದಕ್ಕಿರಲಿಲ್ಲ. ಅದು ಕೊರೆಯುವ ಚಳಿಯ ಒಣ ಹಿಮದ್ದು, ಗಂಟೆಗೆ ಇನ್ನೂರು ಕಿಲೋಮೀಟರ್ ಮೀರಿಯೂ ನುಗ್ಗಬಲ್ಲದು. ವಸಂತದ ಒದ್ದೆ ಹಿಮ ಅಷ್ಟು ಅವಸರ ಮಾಡುವುದಿಲ್ಲ. ಕೊರಕಲಿನ ತಿರುವುಗಳಲ್ಲಿ ಹೊರಳುತ್ತ, ಮಣ್ಣು, ಕಲ್ಲು, ಬುಡಸಮೇತ ಕಿತ್ತ ಪೊದೆಗಳನ್ನು ಮೈಗೆ ಮೆತ್ತಿಕೊಂಡು ಬರುತ್ತದೆ. ಆದರೂ ಮನುಷ್ಯ ಓಡಿ ಅದನ್ನು ಗೆಲ್ಲಲಾರ. ರಸ್ತೆ ದಾಟಿತು, ನದಿಯ ಅಂಚಿಗೆ ಬಂದು ನಿಂತಿತು. ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಆಕಾಶ ಮೊದಲಿನಷ್ಟೇ ನೀಲಿಯಾಗಿತ್ತು.

ಕೆಳಗೆ ಅಂಗಳದಲ್ಲಿ ಸುಬೇದಾರರ ಹೆಂಡತಿ ಉಣ್ಣೆ ಬಿಡಿಸುತ್ತಿದ್ದವರು ಎದ್ದು ನಿಂತು, ರಸ್ತೆಯ ಕಡೆ ಕೈ ಮರೆಮಾಡಿ ನೋಡಿದರು. ‘ಗಾಡಿ ಇರಲಿಲ್ಲ’ ಎಂದು ಹೇಳಿ ಮತ್ತೆ ಕೂತರು.

ಮರುದಿನ ಬೆಳಗ್ಗೆ ಆ ರಾಶಿಯ ಹತ್ತಿರ ಹೋದೆವು. ಗಡಿ ರಸ್ತೆ ಸಂಸ್ಥೆಯ ಡೋಜರ್ ಆಗಲೇ ಕೆಲಸಕ್ಕೆ ನಿಂತಿತ್ತು. ಹಿಮದ ರಾಶಿ ಎಂದರೆ ಮೆತ್ತಗಿರುತ್ತದೆ ಎಂದುಕೊಂಡು ಕೈಕೋಲು ಚುಚ್ಚಿದರೆ ಠಣ್ ಎಂದಿತು. ಹೊಸದಾಗಿ ಬಿದ್ದ ಹಿಮ ಒಂದು ಘನ ಮೀಟರಿಗೆ 100 ಕಿಲೋದಷ್ಟು ತೂಗಿದರೆ, ಹೀಗೆ ಉರುಳಿ ಬಂದ ಒದ್ದೆ ರಾಶಿ 500 ಕಿಲೋ ಮುಟ್ಟುತ್ತದೆ. ನಿಂತ ಕೂಡಲೇ ಬಿಗಿದುಕೊಳ್ಳುತ್ತದೆ. ಒಳಗೆ ಸಿಕ್ಕವರಿಗೆ ಬೆರಳು ಆಡಿಸಲೂ ಆಗುವುದಿಲ್ಲ. ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಹೊರತೆಗೆದರೆ ಬದುಕುವವರೇ ಹೆಚ್ಚು, ಅರ್ಧ ಗಂಟೆ ದಾಟಿದರೆ ಉಸಿರುಗಟ್ಟಿ ಹೋಗುವವರೇ ಹೆಚ್ಚು. ಹೊರಗಿನಿಂದ ಸಹಾಯ ಬರುವಷ್ಟರಲ್ಲಿ ಸಮಯ ಮೀರಿರುತ್ತದೆ. ಜೊತೆಯಲ್ಲಿ ಇದ್ದವರೇ ಅಗೆಯಬೇಕು.

ಡೋಜರಿನ ಹಿಂದೆ ಸಲಿಕೆ ಹಿಡಿದು ನಿಂತಿದ್ದವರಲ್ಲಿ ಹೆಚ್ಚಿನವರು ಜಾರ್ಖಂಡಿನ ದುಮ್ಕಾ ಕಡೆಯವರು. ಹಿಮಾಲಯದ ರಸ್ತೆಗಳು ಬಹುಕಾಲದಿಂದ ಅವರ ತೋಳಿನ ಮೇಲೆ ನಿಂತಿವೆ. ಅವರಲ್ಲೊಬ್ಬ ಬೀಡಿ ಹಚ್ಚುತ್ತ ನನ್ನ ಹೊಸ ಕೈಗವಸು ನೋಡಿ, ‘ಮೊದಲ ಸಲವಾ?’ ಎಂದು ಕೇಳಿದ. ಹೌದೆಂದೆ. ‘ನಮ್ಮ ಊರಲ್ಲೂ ಹಿಮ ಇಲ್ಲ. ಇಲ್ಲಿಗೆ ಬಂದು ಕಲಿತದ್ದು’ ಎಂದ. ಏನು ಕಲಿತೆ ಎಂದರೆ, ಕೆಲಸ ಮಾಡುವಾಗ ಒಬ್ಬನನ್ನು ಮೇಲೆ ನೋಡುತ್ತ ನಿಲ್ಲಿಸುವುದು ಎಂದ. ನಿಜಕ್ಕೂ ರಾಶಿಯ ಆಚೆ ಒಬ್ಬ ಹುಡುಗ, ಕೊರಳಲ್ಲಿ ಸೀಟಿ ಕಟ್ಟಿಕೊಂಡು, ನಮ್ಮತ್ತ ಬೆನ್ನು ಹಾಕಿ, ಕೊರಕಲನ್ನೇ ದಿಟ್ಟಿಸುತ್ತ ನಿಂತಿದ್ದ.

2025ರ ಫೆಬ್ರವರಿ 28ರ ಬೆಳಗ್ಗೆ ಬದರಿನಾಥದ ಹತ್ತಿರದ ಮಾಣಾದಲ್ಲಿ ಇಂಥದೇ ಕೆಲಸಗಾರರ ಶಿಬಿರದ ಮೇಲೆ ಹಿಮ ಕುಸಿದಿತ್ತು. ಸಿಕ್ಕಿಕೊಂಡವರು 54 ಮಂದಿ. ಸೇನೆ ಮತ್ತಿತರರು ಅಗೆದು 46 ಜನರನ್ನು ಉಳಿಸಿದರು, ಎಂಟು ಜನ ಉಳಿಯಲಿಲ್ಲ. ಅನೇಕರು ಮಲಗಿದ್ದದ್ದು ಉಕ್ಕಿನ ಕಂಟೇನರುಗಳಲ್ಲಿ. ಆ ಪೆಟ್ಟಿಗೆಗಳೊಳಗೆ ಉಳಿದ ಗಾಳಿಯೇ ಹಲವರ ಜೀವ ಕಾದಿತು. ಆ ಸುದ್ದಿ ಎತ್ತಿದಾಗ ಬೀಡಿ ಸೇದುತ್ತಿದ್ದವನು ಒಂದೇ ಮಾತು ಹೇಳಿದ: ‘ಗೊತ್ತು.’ ರಸ್ತೆ ತೆರೆಯುವ ದಿನ ನಾವು ಪ್ರವಾಸಿಗರು ಫೋಟೋ ಹಾಕಿ ಸಂಭ್ರಮಿಸುತ್ತೇವೆ. ಅದು ತಾನಾಗಿ ತೆರೆಯುವುದಿಲ್ಲ.

ಆ ಸಂಜೆ ಒಲೆಯ ಸುತ್ತ ಕೂತಾಗ ಸುಬೇದಾರರು ತಾವಾಗಿಯೇ ಕೇಳಿದರು. ‘ಹನುಮಂತಪ್ಪ ನಿಮ್ಮ ಕಡೆಯವನಲ್ಲವೇ?’ ಹೌದು, ಧಾರವಾಡ ಜಿಲ್ಲೆಯ ಬೆಟದೂರಿನವರು ಎಂದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿದಾಗ ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಅದರಡಿ ಹೂತುಹೋದರು. ಅವರಲ್ಲಿ ಹಾಸನದ, ಮೈಸೂರಿನ, ಧಾರವಾಡದ ಒಬ್ಬೊಬ್ಬರಿದ್ದರು. 25 ಅಡಿಗೂ ಆಳದಲ್ಲಿ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತ ಸಿಕ್ಕಾಗ ಇಡೀ ದೇಶ ಉಸಿರು ಬಿಗಿಹಿಡಿದಿತ್ತು. ನಮ್ಮೂರಿನ ದೇವಸ್ಥಾನದಲ್ಲೂ ಅವರ ಹೆಸರಲ್ಲಿ ಪೂಜೆಯಾಗಿತ್ತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ‘ಆರು ದಿನ!’ ಎಂದರು ಸುಬೇದಾರರು. ಹಿಮದ ಬಗ್ಗೆ ಎಲ್ಲ ತಿಳಿದವರ ಅಚ್ಚರಿ ಅದು. ಹದಿನೈದು ನಿಮಿಷದ ಲೆಕ್ಕ ಗೊತ್ತಿರುವವರಿಗೇ ಆರು ದಿನವೆಂದರೇನೆಂದು ಗೊತ್ತು.

ಒಲೆಯ ಆ ಬದಿಯಲ್ಲಿ ಮಂತ್ರಚಕ್ರ ತಿರುಗಿಸುತ್ತ ಕೂತಿದ್ದ ಅವರ ತಾಯಿ ಮೊದಲ ಬಾರಿಗೆ ಮಾತಿಗೆ ಸೇರಿದರು. ಅವರು ಹೇಳಿದ್ದು 1979ರ ಮಾರ್ಚ್ ತಿಂಗಳ ಕತೆ. ಆ ವರ್ಷ ಬಿಡದೆ ಹಿಮ ಸುರಿದು, ಲಾಹೌಲಿನಲ್ಲಿ ಕೊರಕಲು ಕೊರಕಲುಗಳೂ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಚಿಕ್ಕ ಕಣಿವೆಗೆ ಅದು ಎಷ್ಟು ದೊಡ್ಡ ಸಂಖ್ಯೆ ಎಂದರೆ ಬಂಧುವನ್ನು ಕಳೆದುಕೊಳ್ಳದ ಮನೆ ಹುಡುಕಬೇಕಿತ್ತಂತೆ. ಬಾಗಿಲು ಹೂತುಹೋಗಿ ಮಾಳಿಗೆಯ ಹೊಗೆಕಂಡಿಯಿಂದ ಹೊರಬರುತ್ತಿದ್ದರು. ಪಕ್ಕದ ಊರಿನ ಸುದ್ದಿ ಬರಲು ವಾರಗಳೇ ಹಿಡಿದವು. ‘ಪಶ್ಚಿಮದ ಆ ಹೊಲವಿದೆಯಲ್ಲ, ವಿಲೋ ಮರದ ತನಕ ಬಂದಿತ್ತು’ ಎಂದು ಕೈಯೆತ್ತಿ ತೋರಿಸಿದರು. ನಾನು ಹಿಂದಿನ ದಿನ ಬೆಳಗ್ಗೆ ಮೆಚ್ಚಿದ್ದ ಖಾಲಿ ಜಾಗವೇ ಅದು.

ಆಗ ಸುಬೇದಾರರ ಅಣ್ಣನ ಮಗ ಬಾಯಿ ಬಿಟ್ಟ. ಇಪ್ಪತ್ತಾರರ ಚುರುಕು ಹುಡುಗ, ಬೇಸಿಗೆಯಲ್ಲಿ ಸಿಸ್ಸುವಿನಲ್ಲಿ ಚಹಾ ಅಂಗಡಿ ನಡೆಸುತ್ತಾನೆ. ಹೊಲ ಅವನ ಪಾಲಿನದು. ಅಲ್ಲಿ ಆರು ಕೋಣೆಯ ಹೋಮ್‌ಸ್ಟೇ ಕಟ್ಟುವುದು ಅವನ ಯೋಜನೆ. ‘ಚಾಚಾ, ನಾನು ಹುಟ್ಟಿದ ಮೇಲೆ ಒಂದು ಸಲವೂ ಅಲ್ಲಿಗೆ ಬಂದಿಲ್ಲ. ಹಿಮವೂ ಮೊದಲಿನಷ್ಟು ಎಲ್ಲಿ ಬೀಳುತ್ತೆ? ಸುರಂಗ ಆದ ಮೇಲೆ ಜನ ಚಳಿಗಾಲದಲ್ಲೂ ಬರ್ತಾರೆ. ಬಂದವರಿಗೆ ಬೇಕಾದ್ದು ನೋಟ. ನೋಟ ಇರೋದು ಅಲ್ಲಿ ಮಾತ್ರ.’ ಪ್ರತಿ ಮಾತೂ ನಿಜ. ಚಿಕ್ಕಪ್ಪನ ಹತ್ತಿರ ಇದ್ದ ಉತ್ತರ ಒಂದೇ: ‘ಬಾಗಿದ ಗಿಡಗಳನ್ನ ನೋಡಿದ್ದೀಯಾ?’ ಹುಡುಗ ನೋಡಿದ್ದ. ಆದರೆ ಬ್ಯಾಂಕಿನ ಸಾಲಕ್ಕೆ ಗಿಡಗಳ ವಯಸ್ಸು ಅಡ್ಡಬರುವುದಿಲ್ಲ.

ಸ್ವಿಟ್ಜರ್ಲೆಂಡಿನಲ್ಲಿ ಹಿಮದ ದಾರಿಗಳನ್ನು ನಕಾಶೆಯಲ್ಲಿ ಬಣ್ಣ ಹಾಕಿ ಗುರುತಿಸುತ್ತಾರೆ. ಕೆಂಪು ಪಟ್ಟಿಯಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಅಲ್ಲಿಯ ಲೆಕ್ಕ ಮುನ್ನೂರು ವರ್ಷಕ್ಕೊಮ್ಮೆ ಬರಬಹುದಾದ ಹಿಮವನ್ನೂ ಸೇರಿಸಿಕೊಳ್ಳುತ್ತದೆ. ಅಷ್ಟಾದರೂ ಅದರ ಪಕ್ಕದ ಆಸ್ಟ್ರಿಯಾದ ಗಾಲ್ಟ್ಯೂರ್ ಎಂಬ ಹಳ್ಳಿಯಲ್ಲಿ 1999ರ ಫೆಬ್ರವರಿಯಲ್ಲಿ ಹಿಮ ಬಂದು ಹೊಡೆದದ್ದು ಸುರಕ್ಷಿತ ಎಂದು ಗುರುತಿಸಿದ್ದ ಜಾಗಕ್ಕೆ. ಸತ್ತವರು 31 ಜನ. ನಮ್ಮಲ್ಲೂ ಜ್ಞಾನಕ್ಕೆ ಕೊರತೆಯಿಲ್ಲ. 1969ರಲ್ಲೇ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತದ ಅಧ್ಯಯನಕ್ಕೆ ರಕ್ಷಣಾ ಇಲಾಖೆಯ ಸಂಸ್ಥೆ ಶುರುವಾಯಿತು. ಈಗ ಅದರ ಮುಂದುವರಿಕೆಯಾದ ಚಂಡೀಗಢದ ಡಿಜಿಆರ್‌ಇ ಚಳಿಗಾಲವಿಡೀ ಮುನ್ಸೂಚನೆ ಹೊರಡಿಸುತ್ತದೆ. ಸುಬೇದಾರರ ಫೋನಿಗೂ ಅದು ಬರುತ್ತಿತ್ತು. ಓದಿ, ಆಮೇಲೂ ಹೊಸ್ತಿಲ ಮೇಲೆ ಹೋಗಿ ನಿಲ್ಲುತ್ತಿದ್ದರು. ನನ್ನನ್ನು ಚುಚ್ಚಿದ್ದು ಬೇರೆ: ಮುನ್ಸೂಚನೆ ನಾಳೆಯ ಬಗ್ಗೆ ಹೇಳಬಲ್ಲದು. ಐವತ್ತು ವರ್ಷಕ್ಕೊಮ್ಮೆ ಬರುವುದನ್ನು ನೆನಪಿಡುವ ಕೆಲಸ ಊರಿನದೇ. ಆ ನೆನಪನ್ನು ಅವರು ಕಲ್ಲಿನಲ್ಲಿ ಕೆತ್ತಿಲ್ಲ. ಒಂದು ಹೊಲವನ್ನು ಖಾಲಿ ಬಿಟ್ಟಿದ್ದಾರೆ. ಇಕ್ಕಟ್ಟಿನ ಊರಿನಲ್ಲಿ ತಲೆಮಾರುಗಳ ತನಕ ಒಂದು ಜಾಗ ಖಾಲಿ ಬಿಡುವುದಕ್ಕೆ ಎಷ್ಟು ಸಂಯಮ ಬೇಕು ಎಂಬುದು ಒಂದು ನಿವೇಶನಕ್ಕಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವ ನಾಡಿನಿಂದ ಹೋದ ನನಗೆ ಹೊಳೆಯದೇ ಇರುತ್ತದೆಯೇ?

ಊರಿಗೆ ಮರಳುವಾಗ ಅಂಕೋಲಾ ಹತ್ತಿರದ ಶಿರೂರಿನ ಗುಡ್ಡದ ಬುಡದಲ್ಲಿ ಬಸ್ಸು ನಿಧಾನವಾಯಿತು. 2024ರ ಜುಲೈ 16ರಂದು, ಹೆದ್ದಾರಿಗೆಂದು ಬುಡ ಕಡಿದಿದ್ದ ಆ ಗುಡ್ಡ ಮಳೆಗೆ ಕುಸಿದು, ರಸ್ತೆ ಬದಿಯ ಚಹಾದಂಗಡಿಯನ್ನೂ ಅಲ್ಲಿ ನಿಂತಿದ್ದವರನ್ನೂ ಗಂಗಾವಳಿ ನದಿಗೆ ತಳ್ಳಿತ್ತು. ಆ ಅಂಗಡಿಯಲ್ಲಿ ಚಹಾ ಕುಡಿಯದ ಲಾರಿಯವರು ಆ ದಾರಿಯಲ್ಲಿ ಕಡಿಮೆ. ಅಲ್ಲಿ ನಿಲ್ಲಬೇಡಿ ಎಂದು ಹೇಳುವ ಹಳೆಯ ಮಾತೊಂದು ನಮ್ಮಲ್ಲಿ ಇರಲೂ ಸಾಧ್ಯವಿರಲಿಲ್ಲ. ಆ ಕಡಿದಾದ ಗೋಡೆಯನ್ನು ನಿಲ್ಲಿಸಿದವರು ನಾವು, ಮೊನ್ನೆ ಮೊನ್ನೆ. ಲಾಹೌಲಿನ ಬೆಟ್ಟ ತನ್ನ ದಾರಿಯನ್ನು ಗಿಡಗಳ ಮೇಲೆ ಬರೆದಿಡುತ್ತದೆ, ಮೊದಲೇ ಎಚ್ಚರಿಸುತ್ತದೆ. ಯಂತ್ರ ಕಡಿದ ಗುಡ್ಡಕ್ಕೆ ಅಂಥ ದಾಖಲೆ ಇಲ್ಲ. ಹಾಗಾಗಿ ಅವರ ಅಪಾಯಕ್ಕಿಂತ ನಮ್ಮದು ಸಣ್ಣದು ಎಂಬ ಭ್ರಮೆ ನನಗೆ ಉಳಿದಿಲ್ಲ.

ಕಳೆದ ತಿಂಗಳು ಸುಬೇದಾರರ ಅಣ್ಣನ ಮಗ ಫೋನ್ ಮಾಡಿದ್ದ. ಮನೆಯೊಳಗೆ ಜಗಳವಾಗಿ, ಅಜ್ಜಿ ಎರಡು ದಿನ ಅವನ ಹತ್ತಿರ ಮಾತು ಬಿಟ್ಟು, ಕೊನೆಗೆ ಒಂದು ರಾಜಿಯಾಗಿದೆಯಂತೆ. ಗೋಡೆ ಕಟ್ಟುವುದಿಲ್ಲ. ಬಿಚ್ಚಿಡಬಹುದಾದ ಮರದ ಗುಡಿಸಲುಗಳು, ಜೂನಿನಿಂದ ಅಕ್ಟೋಬರಿನವರೆಗೆ ಮಾತ್ರ. ಹಿಮ ಬೀಳುವ ಮೊದಲು ಎಲ್ಲ ಬಿಚ್ಚಿ ಕೊಟ್ಟಿಗೆಗೆ. ಒಳ್ಳೆಯ ತೀರ್ಮಾನ ಎಂದೆ. ‘ಮಾರ್ಚಿನಲ್ಲಿ ಬಂದು, ಅಲ್ಲೇ ಇರಬೇಕು ಅಂತ ಹಟ ಹಿಡಿದವರಿಗೆ ಏನು ಹೇಳ್ತೀಯ?’ ಎಂದು ಕೇಳಿದೆ. ಸ್ವಲ್ಪ ಸುಮ್ಮನಿದ್ದು, ‘ಬೆಳಗ್ಗೆ ಕರ್ಕೊಂಡು ಹೋಗಿ ಫೋಟೋ ತೆಗೆಸಿ ವಾಪಸ್ ಕರ್ಕೊಂಡು ಬರ್ತೀನಿ. ಆದರೆ ದುಪ್ಪಟ್ಟು ದುಡ್ಡು ಕೊಡ್ತೀವಿ ಅಂದರೆ ಏನು ಮಾಡಲಿ, ನೀವೇ ಹೇಳಿ ಸಾಬ್’ ಎಂದ.

ನಾನು ಹೇಳಲಿಲ್ಲ. ಅದು ಅವನೊಬ್ಬನಿಗೆ ಬಿಡುವ ಪ್ರಶ್ನೆಯಲ್ಲ. ದುಪ್ಪಟ್ಟು ದುಡ್ಡು ಹಿಡಿದು ಹೋಗುವವರು ನಾವು. ಲಾಹೌಲಿಗೆ ಹೋಗಬೇಕೆಂದು ಈಗ ಯಾರಾದರೂ ಕೇಳಿದರೆ ಖಂಡಿತ ಹೋಗಿ ಎನ್ನುತ್ತೇನೆ. ಮಾರ್ಚ್ ಏಪ್ರಿಲಿನಲ್ಲಿ ಹೋದರೆ ಬೆಳಗಿನ ತಿರುಗಾಟ ಒಂಬತ್ತರೊಳಗೆ ಮುಗಿಸಿ, ಖಾಲಿ ಇಳಿಜಾರಿನ ಬುಡದಲ್ಲಿ ಡಬ್ಬಿ ಬಿಚ್ಚಬೇಡಿ, ಮನೆಯವರು ಇವತ್ತು ಬೇಡ ಎಂದರೆ ಬಿಸಿಲು ತೋರಿಸಿ ವಾದ ಮಾಡಬೇಡಿ ಎಂದೂ ಸೇರಿಸುತ್ತೇನೆ. ಕೇಳಿದವರು ಮುಖ ಮುಖ ನೋಡುತ್ತಾರೆ. ನೋಡಲಿ. ಹೋಗಿ ಒಂದು ಮಧ್ಯಾಹ್ನ ಒಲೆಯ ಪಕ್ಕ ಸುಮ್ಮನೆ ಕೂತು ಬಂದರೂ ಸಾಕು, ಚಿಲ್ಡಾ ಬಿಸಿಬಿಸಿ ಸಿಗುತ್ತದೆ.